ಸ್ಟೋರಪ್ಪನ ಗೋದಾಮು

“ಅಳಿಸಲ್ಲ ಅಂದ್ರೆ ಅಳಿಸಲ್ಲ! ಈ ಮನೆಯಿಂದ ಒಂದು ಮೊಳೆ ಆಚೆ ಹೋಗಬೇಕಾದ್ರೂ ನನ್ನ ಸಹಿ ಬೇಕು.”

“ನಿಮ್ಮ ಸಹಿಗೆ ಬೆಂಕಿ ಬೀಳ! ಸಂಜೆ ಆರಕ್ಕೆ ಮೂರು ಜನ ಬರ್ತಾರೆ. ಟಿವಿ ಮುಂದೆ ಕೂರಿಸಿ ಏನು ತೋರಿಸಲಿ? ನಿಮ್ಮ ಮುಖಾನಾ?”

“ಮುಖಕ್ಕೇನಾಗಿದೆ?”

“ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ. ಅಳಿಸೋ ಹಾಗಿದ್ದಿದ್ರೆ ಅದನ್ನೇ ಮೊದಲು ಅಳಿಸ್ತಿದ್ದೆ.”

ಗಂಡ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಕಟ್ಟಡದವರು ಅವನನ್ನು ಸ್ಟೋರಪ್ಪ ಎಂದೇ ಕರೆಯುತ್ತಿದ್ದರು. ನಟ್ಟು, ಬೋಲ್ಟು, ವಾಷರುಗಳ ನಡುವೆ ಅರ್ಧ ಆಯಸ್ಸು ಕಳೆದ ಮನುಷ್ಯ ಮನೆಯನ್ನೂ ಹಾಗೇ ನಡೆಸುತ್ತಿದ್ದ. ಪಕ್ಕದ ಮನೆಗೆ ಏಣಿ ಕೊಡಬೇಕಾದರೂ ಹೆಂಡತಿ ಗೇಟ್‌ಪಾಸ್ ಬರೆಯಬೇಕು. ಅದಕ್ಕೆಂದೇ ಅವನು ಚೀಟಿ ಪುಸ್ತಕ ಅಚ್ಚು ಹಾಕಿಸಿ ಬಾಗಿಲ ಹಿಂದೆ ದಾರದಲ್ಲಿ ನೇತುಹಾಕಿದ್ದ. ಹೊರಹೋಗುವ ವಸ್ತು, ಸಂಖ್ಯೆ, ಕಾರಣ, ಸಹಿ. ಕೆಳಗೆ ಎರಡು ಚೌಕ: ‘ಹಿಂತಿರುಗುವ ವಸ್ತು’, ‘ಹಿಂತಿರುಗದ ವಸ್ತು’. ಯಾವುದಾದರೂ ಒಂದಕ್ಕೆ ಗುರುತು ಹಾಕದಿದ್ದರೆ ಏಣಿ ಅಲ್ಲಾಡುವಂತಿಲ್ಲ.

ಜಗಳ ಹತ್ತಿದ್ದು ಟಿವಿ ಕೆಳಗಿನ ಕಪಾಟಿನಲ್ಲಿದ್ದ ಒಂದು ಕಪ್ಪು ಪೆಟ್ಟಿಗೆಗೆ. ಹೆಂಡತಿಯ ತಮ್ಮ ಹಳೇ ಕಂಪ್ಯೂಟರೊಂದನ್ನು ಬಿಚ್ಚಿ ಕಟ್ಟಿ ಮಾಡಿಕೊಟ್ಟದ್ದು. ಸಿನಿಮಾ, ಹಾಡು, ಮನೆಯ ವಿಡಿಯೋ ಎಲ್ಲ ಅದರ ಡಿಸ್ಕಿನಲ್ಲಿ ಕೂತಿರುತ್ತವೆ, ಯಾವ ಕೋಣೆಯ ಟಿವಿಯಲ್ಲಾದರೂ ನೋಡಬಹುದು. ತಮ್ಮ ಅದನ್ನು ಮೀಡಿಯಾ ಸರ್ವರ್ ಎನ್ನುತ್ತಿದ್ದ. ಸ್ಟೋರಪ್ಪ ಗೋದಾಮು ಎನ್ನುತ್ತಿದ್ದ. ನಲವತ್ತು ಸಲ ನೋಡಿದ ಸಿನಿಮಾ, ಒಂದು ಸಲವೂ ನೋಡದ ಸಿನಿಮಾ, ಸ್ಪೇರ್ ಇರಲಿ ಎಂದು ಅವೇ ಸಿನಿಮಾಗಳ ಇನ್ನೊಂದೊಂದು ಪ್ರತಿ, ಬೇರಿಂಗ್ ಬಿಚ್ಚುವುದು ಹೇಗೆ ಎಂಬ ಮುನ್ನೂರು ವಿಡಿಯೋ. ಹೀಗೆ ತುಂಬಿಸಿ ತುಂಬಿಸಿ ಇವತ್ತು ಬೆಳಗ್ಗೆ ಪೆಟ್ಟಿಗೆ ಕೈ ಎತ್ತಿತು. ಏನು ಒತ್ತಿದರೂ ‘ಜಾಗವಿಲ್ಲ’ ಎಂಬ ಒಂದೇ ಮಾತು.

ಆ ಕಸದ ನಡುವೆ ಒಂದೇ ಒಂದು ಚಿನ್ನ ಇತ್ತು. ಹೆಂಡತಿ ಹಾಸ್ಟೆಲಿನ ವಾಲಿಬಾಲ್ ತಂಡಕ್ಕೆ ಕ್ಯಾಪ್ಟನ್ ಆಗಿದ್ದಾಗ ಆಡಿದ ಫೈನಲ್ ಪಂದ್ಯ. ಇಪ್ಪತ್ತೇಳು ವರ್ಷದ ಹಿಂದಿನ ಟೇಪು. ಹೋದ ವರ್ಷ ಸ್ಟುಡಿಯೋದವನು ಅದನ್ನು ಡಿಸ್ಕಿಗೆ ಇಳಿಸಿಕೊಟ್ಟ ಬೆನ್ನಲ್ಲೇ ಬೂಷ್ಟು ಹಿಡಿದಿದ್ದ ಟೇಪು ಅವನ ಕೈಯಲ್ಲೇ ಪುಡಿಯಾಗಿತ್ತು. ಪುಣ್ಯಾತ್ಮ ಪಂದ್ಯ ನಡೆದ ದಿನದ ತಾರೀಖನ್ನೇ ಅದಕ್ಕೆ ಹಾಕಿದ್ದ. ಪಟ್ಟಿಯಲ್ಲಿ ಹಳೆಯದು ಮೊದಲು, ಹಾಗಾಗಿ ತೆರೆದರೆ ಎಲ್ಲಕ್ಕಿಂತ ಮೇಲೆ ಅದೇ ಕಾಣುತ್ತಿತ್ತು. “ನಿಮ್ಮ ಸಾವಿರ ಸಿನಿಮಾದ ತಲೆ ಮೇಲೆ ನಾನು ಕೂತಿದೀನಿ ನೋಡಿ” ಎಂದು ಹೆಂಡತಿ ಹೇಳಿಕೊಂಡು ತಿರುಗುತ್ತಿದ್ದಳು.

ಆ ಪಂದ್ಯದ ಕೊನೇ ಪಾಯಿಂಟ್ ಹೊಡೆದದ್ದು ಯಾರು ಎಂಬ ಬಗ್ಗೆ ತಂಡದೊಳಗೆ ಇಪ್ಪತ್ತೇಳು ವರ್ಷದಿಂದ ವ್ಯಾಜ್ಯ. ಈಗ ನರ್ಸ್ ಆಗಿರುವ ಗೆಳತಿ ‘ನಾನು’ ಎನ್ನುತ್ತಾಳೆ. ಹೆಂಡತಿ ‘ನಾನು’ ಎನ್ನುತ್ತಾಳೆ. ಬಸ್ ಕಂಡಕ್ಟರ್ ಒಬ್ಬಳು, ಹೆಡ್‌ಮಿಸ್ ಒಬ್ಬಳು, ಇಬ್ಬರೂ ನರ್ಸಿನ ಕಡೆ. ಫೋನಿನಲ್ಲಿ ಕೂಗಾಡಿ ಸಾಕಾಗಿ ಹೆಂಡತಿ ಹೇಳಿದ್ದಳು, “ಭಾನುವಾರ ಆರು ಗಂಟೆಗೆ ಬಂದು ಕಣ್ಣಾರೆ ನೋಡ್ರೇ. ನೋಡಿ, ನಮ್ಮನೇಲೇ ಕೂತು ತಪ್ಪಾಯ್ತು ಅಂತ ಹೇಳಿ ಹೋಗಿ.”

ಇವತ್ತೇ ಆ ಭಾನುವಾರ.

“ಕಪ್ಪಂತೂ ಹೋಯ್ತು. ಇರೋ ಒಂದು ಸಾಕ್ಷಿನೂ ತೋರಿಸೋ ಹಾಗಿಲ್ಲ ಅಂದ್ರೆ ಹೇಗ್ರೀ?” ಎಂದು ಹೆಂಡತಿ ಷೋಕೇಸಿನ ಕಡೆ ಕೈ ತೋರಿಸಿದಳು. ಅಲ್ಲಿ ಎರಡು ಹಿಡಿಯ ಗೆಲುವಿನ ಕಪ್ಪು ಇದ್ದ ಜಾಗದಲ್ಲಿ ಒಂದು ದುಂಡು ಗುರುತು ಮಾತ್ರ ಇತ್ತು. ಎರಡು ವರ್ಷದ ಹಿಂದೆ ಕಳುವಾದದ್ದು. “ಆ ಕೆಳಗಿನ ಮನೆಯವಳೇ ಎತ್ತಿರೋದು. ಅವತ್ತು ಏಣಿ ಕೇಳೋಕೆ ಬಂದವಳು ಅದನ್ನೇ ದುರುಗುಟ್ಟಿ ನೋಡ್ತಿದ್ಲು.”

ಸ್ಟೋರಪ್ಪ ಕೆಮ್ಮಿದ. “ಅದೆಲ್ಲ ಈಗ್ಯಾಕೆ?”

ಕೆಳಗಿನ ಮನೆಯಾಕೆ ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಹೆಂಡತಿ. ಎರಡು ವರ್ಷದಿಂದ ಈ ಇಬ್ಬರು ಹೆಂಗಸರು ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ದಾಟುತ್ತಿದ್ದರು.

ಅಷ್ಟರಲ್ಲಿ ತಮ್ಮ ಪೆಟ್ಟಿಗೆಯ ಹಿಂದಿನಿಂದ ತಲೆ ಎತ್ತಿದ. “ಭಾವ, ಡಿಸ್ಕು ಅಂಚಿನವರೆಗೂ ತುಂಬಿದೆ. ವಿಡಿಯೋ ಓಡಬೇಕಾದ್ರೂ ಅದಕ್ಕೆ ಕೈಕಾಲಾಡಿಸೋಕೆ ಸ್ವಲ್ಪ ಜಾಗ ಬೇಕು. ತುಂಬಿದ ಲಿಫ್ಟಲ್ಲಿ ನಿಂತು ಜೇಬಿಂದ ಕರ್ಚೀಫು ತೆಗೆಯೋಕಾಗುತ್ತಾ? ಬೇರಿಂಗ್ ವಿಡಿಯೋ ಒಂದು ಹತ್ತು ಅಳಿಸಿಬಿಡಿ, ಸಾಕು.”

“ಬೇರಿಂಗಾ? ನಾಳೆ ಬೇಕಾದ್ರೆ ನಿಮ್ಮಪ್ಪ ತಂದುಕೊಡ್ತಾರಾ? ಏನೂ ಅಳಿಸಲ್ಲ. ಗೋದಾಮು ಸಾಲ್ದು ಅಂದ್ರೆ ದೊಡ್ಡದು ಮಾಡ್ಬೇಕು, ಮಾಲು ಬಿಸಾಕಬಾರದು. ಐದು ಗಂಟೆಯೊಳಗೆ ಮಾಡಿ ತೋರಿಸ್ತೀನಿ.”

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಮನುಷ್ಯ ಹಟ ಹಿಡಿದರೆ ಕಾರ್ಖಾನೆಯ ಕ್ರೇನು ತಂದರೂ ಕದಲುವವನಲ್ಲ.

ಮೆಟ್ಟಿಲಲ್ಲಿ ಮೇಲಿನ ಮನೆಯ ಸೆಕ್ರೆಟರಿ ಅಡ್ಡ ಸಿಕ್ಕಿದರು. ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ. ನಿವೃತ್ತಿಯಾದ ಮೇಲೆ ಬೇರೆ ಕೆಲಸವಿಲ್ಲದೆ ಮೆಟ್ಟಿಲಿಗೆಲ್ಲ ಕ್ಯಾಮೆರಾ ಹಾಕಿಸಿ, ಅದರ ರೆಕಾರ್ಡು ಕಾಪಾಡಿಕೊಂಡು ಬದುಕಿದ್ದರು. ಸ್ಟೋರಪ್ಪನ ಪೆಟ್ಟಿಗೆಯ ಪಾಸ್‌ವರ್ಡು ಅವರ ಹತ್ತಿರವೂ ಇತ್ತು. ಪುಕ್ಕಟೆ ಸಿನಿಮಾ ನೋಡುವುದಕ್ಕೆ.

“ಬೆಳಗ್ಗೆಯಿಂದ ನಿಮ್ಮ ಸಿನಿಮಾ ಬರ್ತಾ ಇಲ್ವಲ್ರೀ! ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗೋ ಹೊತ್ತಿಗೆ ನಿಂತೋಯ್ತು.”

ವಿಷಯ ತಿಳಿದು ಸೆಕ್ರೆಟರಿ ಕಣ್ಣು ಅರಳಿಸಿದರು. “ಒಂದೇ ದೊಡ್ಡ ಡಿಸ್ಕು ತಗೊಳ್ಳಿ. ಎರಡೆರಡು ಇಟ್ಕೊಂಡ್ರೆ ಯಾವುದು ಎಲ್ಲಿದೆ ಅಂತ ಹುಡುಕೋದೇ ಬದುಕಾಗುತ್ತೆ.”

“ಖಂಡಿತ ಬೇಡ!” ಎಂದು ಕೆಳಗಿನಿಂದ ಡ್ರೈವಿಂಗ್ ಮೇಷ್ಟ್ರು ಕೂಗಿದರು. ಅವರು ಕಾರು ಒರೆಸುತ್ತಿದ್ದವರು ಬಟ್ಟೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. “ಸ್ಟೋರಪ್ಪ, ನನ್ನ ಕಾರಲ್ಲಿ ಎರಡು ಬ್ರೇಕು ಯಾಕಿದೆ ಹೇಳಿ? ಒಂದು ಕಲಿಯೋರದ್ದು, ಒಂದು ನಂದು. ಅದಿಲ್ದಿದ್ರೆ ನಾನಿವತ್ತು ಗೋಡೆ ಮೇಲೆ ಫೋಟೋ ಆಗಿರ್ತಿದ್ದೆ. ಎರಡು ತಗೊಳ್ಳಿ.”

“ಡಿಸ್ಕಿಗೂ ಬ್ರೇಕಿಗೂ ಏನ್ರೀ ಸಂಬಂಧ?”

“ಕೊಲೆ ಸಿನಿಮಾಗೂ ಡಿಸ್ಕಿಗೂ ಏನ್ರೀ ಸಂಬಂಧ?”

ಇಬ್ಬರೂ ಒಬ್ಬರ ಮೇಲೊಬ್ಬರು ಏರಿ ಹೋಗುತ್ತಿದ್ದಂತೆ ಸ್ಟೋರಪ್ಪ ನಡುವೆ ತೂರಿಕೊಂಡು ಬೀದಿಗೆ ಬಿದ್ದ.

ಕಂಪ್ಯೂಟರ್ ಅಂಗಡಿ ಸುತ್ತಮುತ್ತ ಇದ್ದದ್ದು ಒಂದೇ. ಆದರೆ ಕಾರ್ಖಾನೆಯ ನಿಯಮ ನಿಯಮವೇ. ಮೂರು ಕೊಟೇಶನ್ ಇಲ್ಲದೆ ಸ್ಟೋರಪ್ಪ ಜೀವನದಲ್ಲಿ ಒಂದು ಪೊರಕೆಯನ್ನೂ ಕೊಂಡವನಲ್ಲ.

“ಮೂರು ಕೊಟೇಶನ್ ಬೇಕು” ಎಂದ.

“ಸಾರ್, ಅಂಗಡಿ ಒಂದೇ ಇದೆ.”

“ಅದು ನನಗೆ ಗೊತ್ತಿಲ್ಲ. ಮೂರು ಕಾಗದ, ಮೂರು ಸಹಿ.”

ಅಂಗಡಿಯವನು ಅನುಭವಸ್ಥ. ಒಂದು ಕಾಗದ ತನ್ನ ಹೆಸರಿನಲ್ಲಿ ಬರೆದ, ಒಂದು ಹೆಂಡತಿ ಹೆಸರಿನಲ್ಲಿ, ಒಂದು ಷಡ್ಡಕನ ಹೆಸರಿನಲ್ಲಿ. ಹೆಂಡತಿಯದು ಸ್ವಲ್ಪ ದುಬಾರಿ, ಷಡ್ಡಕನದು ವಿಪರೀತ ದುಬಾರಿ. ಸ್ಟೋರಪ್ಪ ಮೂರನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ಏರಿಸಿ ಇಪ್ಪತ್ತು ನಿಮಿಷ ಓದಿ, “ನಿಮ್ಮದೇ ಕಡಿಮೆ. ನಿಮ್ಮ ಷಡ್ಡಕ ಹೀಗೆ ವ್ಯಾಪಾರ ಮಾಡಿದ್ರೆ ಉದ್ಧಾರ ಆಗಲ್ಲ” ಎಂದ.

ಇನ್ನು ಆಯ್ಕೆ. ಅಂಗಡಿಯವನು ಅಂಗೈ ಅಗಲದ ಡಿಸ್ಕುಗಳನ್ನು ತೋರಿಸಿದ. ಸ್ಟೋರಪ್ಪನ ಕಣ್ಣು ಅದರಾಚೆಗಿನ ಒಂದು ಪೆಟ್ಟಿಗೆಗೆ ಅಂಟಿಕೊಂಡಿತು. ಅದಕ್ಕೆ ನಾಲ್ಕು ಖಾನೆ. ಒಂದೊಂದಕ್ಕೂ ಪುಟ್ಟ ಬಾಗಿಲು, ಪುಟ್ಟ ಹಿಡಿ, ಪುಟ್ಟ ಬೀಗ. ಕಾರ್ಖಾನೆಯ ರ‍್ಯಾಕನ್ನು ಯಾರೋ ಒಗೆದು ಕುಗ್ಗಿಸಿದಂತಿತ್ತು.

“ಅದು ಬೇಕು.”

“ಸಾರ್, ಅದರೊಳಗೆ…”

“ಬೀಗ ಇದೆ ತಾನೇ? ಕಟ್ಟಿ.”

ಹನ್ನೆರಡೂವರೆಗೆ ಬೆವರು ಸುರಿಸುತ್ತ ಮನೆಗೆ ಬಂದು ಟೇಬಲ್ ಮೇಲೆ ಕುಕ್ಕಿದ. ತಮ್ಮ ನಾಲ್ಕು ಬಾಗಿಲನ್ನೂ ಒಂದೊಂದಾಗಿ ತೆಗೆದು ನೋಡಿದ. ನಾಲ್ಕನೆಯದನ್ನು ಎರಡು ಸಲ ನೋಡಿದ.

“ಭಾವ, ಇದರಲ್ಲಿ ಡಿಸ್ಕೇ ಇಲ್ಲ.”

“ಇಲ್ಲ ಅಂದ್ರೆ?”

“ಇದು ಬರೀ ಬೀರು. ಬಟ್ಟೆ ಬೇರೆ ತರಬೇಕು.”

ಅಡಿಗೆಮನೆಯಿಂದ ಹೆಂಡತಿ ನಕ್ಕ ಸದ್ದು ಕೇಳಿಸಿತು. ಆ ನಗು ಸ್ಟೋರಪ್ಪನ ಬೆನ್ನಿಗೆ ಚಾಟಿಯ ಹಾಗೆ ಬಿತ್ತು. ಬಂದ ದಾರಿಯಲ್ಲೇ ಮತ್ತೆ ಓಡಿದ.

ಅಂಗಡಿ ಮುಚ್ಚಿತ್ತು. ಪಕ್ಕದ ಹೂಗಿಡದ ಅಂಗಡಿಯವಳು, “ಕ್ಷೌರಕ್ಕೆ ಹೋದ್ರು” ಎಂದಳು. ಸ್ಟೋರಪ್ಪ ಎರಡು ಬೀದಿ ದಾಟಿ ಕ್ಷೌರದಂಗಡಿಗೆ ನುಗ್ಗಿದ. ಸಾಲಾಗಿ ಕೂತ ಮೂರು ಜನರ ಮುಖವೂ ನೊರೆಯಲ್ಲಿ ಮುಳುಗಿತ್ತು. ಗುರುತು ಹತ್ತದೆ ಮೊದಲನೆಯವನ ಭುಜ ಹಿಡಿದು, “ಖಾಲಿ ಪೆಟ್ಟಿಗೆ ಕೊಟ್ಟು ಮೋಸ ಮಾಡ್ತೀಯಾ?” ಎಂದು ಗದರಿದ. ಆತ ಪೊಲೀಸಿನವನು. ಅವನಿಗೆ ಸಮಾಧಾನ ಹೇಳುವುದರಲ್ಲಿ ಅರ್ಧ ಗಂಟೆ ಹೋಯಿತು. ನಿಜವಾದ ಅಂಗಡಿಯವನು ಮೂರನೇ ಕುರ್ಚಿಯಿಂದ, “ಹೇಳೋಕೆ ಬಂದೆ ಸಾರ್, ನೀವೇ ಬಿಡಲಿಲ್ಲ” ಎಂದ. ಕೊನೆಗೆ ಒಂದು ಕೆನ್ನೆ ನುಣುಪು, ಒಂದು ಕೆನ್ನೆ ನೊರೆ ಇದ್ದ ಹಾಗೇ ಅವನನ್ನು ಎಳೆದುಕೊಂಡು ಬಂದು ಷಟರ್ ಎತ್ತಿಸಿದ.

ಡಿಸ್ಕು ಒಂದೋ ಎರಡೋ? ಸ್ಟೋರಪ್ಪ ಮೇಷ್ಟ್ರ ಬ್ರೇಕು ನೆನೆದು ಎರಡು ಕೊಂಡ. ಈ ಸಲ ಕೊಟೇಶನ್ ಕೇಳಲಿಲ್ಲ. ಕೇಳಿದ್ದರೆ ಅಂಗಡಿಯವನು ಆ ನೊರೆಯಲ್ಲೇ ಇವನನ್ನು ಮುಳುಗಿಸುತ್ತಿದ್ದ.

ಮನೆ ಮುಟ್ಟಿದಾಗ ಮೂರು ಗಂಟೆ. ತಮ್ಮ ಎಲ್ಲ ಜೋಡಿಸಿ ಪರದೆ ನೋಡಿ ತಲೆ ಕೆರೆದುಕೊಂಡ. “ಹಳೇ ಡಿಸ್ಕಿಂದ ಎಲ್ಲಾ ಹೊಸದಕ್ಕೆ ಕಾಪಿ ಮಾಡೋಕೆ ಹತ್ತೊಂಬತ್ತು ಗಂಟೆ ಅಂತಿದೆ.”

“ಹತ್ತೊಂಬತ್ತಾ! ಆರಕ್ಕೆ ಬರ್ತಾರೆ ಕಣೋ!” ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಬೆಳಗ್ಗೆನೇ ಹತ್ತು ಬೇರಿಂಗ್ ಅಳಿಸಿದ್ರೆ ಮುಗೀತಿತ್ತು.”

“ಇನ್ನೊಂದು ದಾರಿ ಇದೆ ಅಕ್ಕ. ಕಾಪಿ ಬೇಡ. ಹಳೇದನ್ನೂ ಈ ಪೆಟ್ಟಿಗೆಗೇ ಹಾಕಿ, ಮೂರನ್ನೂ ಸೇರಿಸಿ ಒಂದೇ ಗೋದಾಮು ಅಂತ ಮಾಡಿಬಿಡ್ತೀನಿ. ಇರೋದು ಇದ್ದಲ್ಲೇ ಇರುತ್ತೆ, ಜಾಗ ಮಾತ್ರ ಹೆಚ್ಚಾಗುತ್ತೆ.”

ನಾಲ್ಕು ಗಂಟೆಗೆ ಹಾಗೇ ಆಯಿತು. ಪಟ್ಟಿ ತೆರೆಯಿತು. ಎಲ್ಲಕ್ಕಿಂತ ಮೇಲೆ ವಾಲಿಬಾಲ್ ಫೈನಲ್. ಹೆಂಡತಿ ಒತ್ತಿದಳು, ಉದ್ದ ಜಡೆಯ ಹುಡುಗಿಯೊಬ್ಬಳು ಬಲೆಯ ಮುಂದೆ ನೆಗೆದಳು. “ಸಾಕು, ನಿಲ್ಲಿಸು. ಉಳಿದದ್ದು ಅವರೆದುರಿಗೇ” ಎಂದು ಹೆಂಡತಿ ಸೀರೆ ಬದಲಿಸಲು ಹೋದಳು. ಹೋಗುವ ಮುಂಚೆ ಗಂಡನ ಕಡೆ ತಿರುಗಿ, “ಪರವಾಗಿಲ್ಲ ಕಣ್ರೀ” ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಬಂದದ್ದು ಮೂರನೇ ಸಲ. ಸ್ಟೋರಪ್ಪನ ಎದೆ ಹೊಸ ಪಂಪಿನ ಹಾಗೆ ಉಬ್ಬಿತು.

“ಭಾವ, ಒಂದು ಪ್ರಶ್ನೆ ಕೇಳ್ತಿದೆ” ಎಂದ ತಮ್ಮ. “ಮುಂದೆ ಇದೂ ತುಂಬಿದ್ರೆ ಏನು ಮಾಡ್ಬೇಕು ಅಂತ. ಒಂದು, ಸುಮ್ನೆ ನಿಂತುಬಿಡೋದು. ಎರಡು, ಪ್ರತಿ ಸಲ ನಮ್ಮನ್ನ ಕೇಳಿ ಅಳಿಸೋದು. ಮೂರು, ಎಲ್ಲಕ್ಕಿಂತ ಹಳೇದನ್ನ ತಾನೇ ತೆಗೆದು ಹೊಸದಕ್ಕೆ ಜಾಗ ಮಾಡೋದು. ಎರಡು ಹಾಕಲಾ?”

“ಕೇಳೋದಾ? ಬೇಡಪ್ಪಾ! ನಿಮ್ಮಕ್ಕ ಕಣ್ಣು ಮುಚ್ಚಿ ಎಲ್ಲಾದಕ್ಕೂ ಹ್ಞೂ ಅಂತ ಒತ್ತುತ್ತಾಳೆ. ನಿಂತುಬಿಟ್ರೆ ಮತ್ತೆ ಇವತ್ತಿನ ರಾಮಾಯಣ. ಮೂರು ಹಾಕು. ಮೊದಲು ಬಂದದ್ದು ಮೊದಲು ಹೊರಗೆ. ಸ್ಟೋರ್ ಅಂದ್ಮೇಲೆ ಅದೇ ನಿಯಮ. ರಬ್ಬರ್ ವಾಷರ್ ಹಳೇದನ್ನ ಬಿಟ್ಟು ಹೊಸದನ್ನ ಕೊಟ್ರೆ ಹಳೇದು ಒಣಗಿ ಬಿರುಕು ಬಿಡುತ್ತೆ.”

“ಸಿನಿಮಾ ಬಿರುಕು ಬಿಡಲ್ಲ ಭಾವ.”

“ನೀನು ನನಗೆ ಸ್ಟೋರ್ ಕಲಿಸ್ತೀಯಾ? ಹೇಗೂ ನಮ್ಮ ಜೀವಮಾನದಲ್ಲಿ ಇದು ತುಂಬಲ್ಲ. ಹಾಕು ಮೂರು.”

ತಮ್ಮ ಮೂರು ಹಾಕಿ, ಅಕ್ಕನ ಅಪ್ಪಣೆಯಂತೆ ಐಸ್‌ಕ್ರೀಮ್ ತರಲು ಹೊರಟ. ಅವನು ಕೆಳಗಿಳಿಯುವುದಕ್ಕೂ ಸೆಕ್ರೆಟರಿ ಮೇಲಿನಿಂದ ಇಳಿಯುವುದಕ್ಕೂ ಸರಿಹೋಯಿತು. ಕಂಕುಳಲ್ಲಿ ಕ್ಯಾಮೆರಾದ ರೆಕಾರ್ಡು ಪೆಟ್ಟಿಗೆ, ಹೆಗಲ ಮೇಲೆ ತಂತಿಯ ಸುರುಳಿ.

“ಅಬ್ಬಬ್ಬಾ, ನಾಲ್ಕು ಖಾನೆ! ಸ್ಟೋರಪ್ಪ ಅಂದ್ರೆ ಸುಮ್ನೇನಾ? ಒಂದು ಸಣ್ಣ ಉಪಕಾರ. ನನ್ನ ಈ ಡಬ್ಬ ತುಂಬಿಹೋಗಿದೆ. ಎರಡು ವರ್ಷದ ಮೆಟ್ಟಿಲು ಇದೆ ಇದರಲ್ಲಿ. ನಿಮ್ಮ ಗೋದಾಮಿನ ಒಂದು ಮೂಲೇಲಿ ಬಿದ್ದಿರಲಿ. ಹೊಸ ರೆಕಾರ್ಡೂ ಇಲ್ಲಿಗೇ ಬರೋ ಹಾಗೆ ಮಾಡಿಬಿಡೋಣ.”

“ಎರಡು ವರ್ಷದ ಮೆಟ್ಟಿಲನ್ನ ಯಾರು ನೋಡ್ತಾರೆ?”

“ನೋಡೋದು ಯಾಕೆ? ನಾನೂ ಒಂದು ದಿನ ನೋಡಿಲ್ಲ. ಇಟ್ಟಿರೋದು ನಮ್ಮ ಕೆಲಸ.”

ಬೇರೆ ಯಾರಾದರೂ ಆಗಿದ್ದರೆ ಬಾಗಿಲಲ್ಲೇ ಅಟ್ಟುತ್ತಿದ್ದರು. ಆದರೆ ಇಷ್ಟು ಶುದ್ಧವಾದ ಮಾತು ಸ್ಟೋರಪ್ಪನ ಕಿವಿಗೆ ಬಿದ್ದು ಬಹಳ ಕಾಲವಾಗಿತ್ತು. ತಾನೇ ಕೈಯಾರೆ ತಂತಿ ಚುಚ್ಚಿದ. ‘ಎಲ್ಲವನ್ನೂ ತರಲೇ?’ ಎಂದು ಪರದೆ ಕೇಳಿತು. ‘ಹೌದು’ ಒತ್ತಿದ. ದೀಪ ಪಟಪಟ ಮಿಣುಕಿತು. “ಮಾಲು ಇಳೀತಿದೆ” ಎಂದು ಇಬ್ಬರೂ ತೃಪ್ತಿಯಿಂದ ನೋಡಿದರು. ನಾಲ್ಕು ಕ್ಯಾಮೆರಾ, ಹಗಲೂ ರಾತ್ರಿ, ಎರಡು ವರ್ಷ ಎಂದರೆ ಎಷ್ಟು ಮಾಲು ಎಂದು ಇಬ್ಬರೂ ಲೆಕ್ಕ ಹಾಕಲಿಲ್ಲ. ಪೆಟ್ಟಿಗೆ ಮೊದಲೇ ಲೆಕ್ಕ ಹಾಕಿಕೊಂಡಿತು.

ಆರಕ್ಕೆ ಐದು ನಿಮಿಷ ಇದ್ದಾಗ ಮೆಟ್ಟಿಲು ನಡುಗಿಸುತ್ತ ಮೂವರು ಗೆಳತಿಯರು ಬಂದರು. ಬಂದವರೇ ಹೆಂಡತಿಯ ಬೆನ್ನಿಗೆ ಗುದ್ದಿದರು.

“ಕ್ಯಾಪ್ಟನ್ನೂ, ಸುಳ್ಳು ಹೇಳೋದು ಇನ್ನೂ ಬಿಟ್ಟಿಲ್ವೇನೇ?”

“ಕೂತ್ಕೊಳ್ರೇ. ಬಾಯಿ ಮುಚ್ಚಿಸ್ತೀನಿ ಇವತ್ತು.”

“ಟಿಕೆಟ್ ಎಲ್ಲರೂ ತಗೊಂಡಿದೀವಿ, ಬೇಗ ಹೊರಡಿಸು” ಎಂದಳು ಕಂಡಕ್ಟರ್. ಸೆಕ್ರೆಟರಿಯೂ ಒಂದು ಕುರ್ಚಿ ಎಳೆದುಕೊಂಡರು. ತಮ್ಮ ಐಸ್‌ಕ್ರೀಮ್ ಹಂಚಿದ. ಹೆಂಡತಿ ಕನ್ನಡಕ ಹಾಕಿಕೊಳ್ಳಲಿಲ್ಲ. ಯಾಕೆ ಬೇಕು? ಎಲ್ಲಕ್ಕಿಂತ ಮೇಲಿರುವುದು ಅದೇ ತಾನೆ? ರಿಮೋಟು ಎತ್ತಿ ಮೇಲಿನದನ್ನೇ ಒತ್ತಿದಳು.

ಪರದೆಯ ಮೇಲೆ ಖಾಲಿ ಮೆಟ್ಟಿಲು ಬಂತು.

“ಇದು ಯಾವ ಕೋರ್ಟೇ?” ಎಂದಳು ನರ್ಸ್.

ತಮ್ಮ ಎದ್ದು ಪೆಟ್ಟಿಗೆ ಹತ್ತಿರ ಹೋಗಿ, ಪಕ್ಕದ ಸಣ್ಣ ಪರದೆ ಓದಿದ. ಓದುತ್ತ ಓದುತ್ತ ಅವನ ಸ್ವರ ಇಳಿಯಿತು. “ಇಳಿಯಲಿರುವ ಹೊಸ ಮಾಲಿಗೆ ಮೊದಲೇ ಜಾಗ ಮಾಡಲು ಎಲ್ಲಕ್ಕಿಂತ ಹಳೆಯ ನೂರಾ ಹನ್ನೆರಡನ್ನು ತೆಗೆಯಲಾಗಿದೆ… ಮೊದಲನೇದು… ಅಕ್ಕ, ಮೊದಲನೇದೇ ನಿಂದು.”

“ತೆಗೆಯಲಾಗಿದೆ ಅಂದ್ರೆ?”

“ಹೋಯ್ತು. ಮೊದಲು ಬಂದದ್ದು ಮೊದಲು ಹೊರಗೆ ಅಂತ ಭಾವಾನೇ ಹಾಕಿಸಿದ್ದು.”

ನರ್ಸ್ ಐಸ್‌ಕ್ರೀಮಿನ ಚಮಚ ನೆಕ್ಕಿ ಮೆಲ್ಲಗೆ ಹೇಳಿದಳು, “ಹಾಗಾದ್ರೆ ಕೊನೇ ಪಾಯಿಂಟು ನಂದೇ ಅಂತಾಯ್ತು.”

ಹೆಂಡತಿ ಗಂಡನ ಕಡೆ ತಿರುಗಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಟಿವಿಯ ಮೂಲೆಯಲ್ಲಿದ್ದ ಎರಡು ವರ್ಷದ ಹಿಂದಿನ ತಾರೀಖನ್ನು ನೋಡುತ್ತಿದ್ದ. “ಆರಿಸು, ಅದನ್ನ ಆರಿಸು” ಎಂದು ತಮ್ಮನ ಕೈ ಹಿಡಿದು ಎಳೆಯುತ್ತಿದ್ದ.

“ಇರಲಿ ಇರಲಿ” ಎಂದರು ಸೆಕ್ರೆಟರಿ ಉತ್ಸಾಹದಿಂದ. “ಇದು ನನ್ನ ಮೊಟ್ಟಮೊದಲ ರೆಕಾರ್ಡು. ಸೋಮವಾರದಿಂದ ಕ್ಯಾಮೆರಾ ಶುರು ಅಂತ ನೋಟೀಸು ಹಾಕಿದ್ದೆ. ಆದ್ರೆ ಹಿಂದಿನ ಭಾನುವಾರವೇ ಒಂದು ಸಲ ಓಡಿಸಿ ನೋಡಿದ್ದೆ.”

ಪರದೆಯ ಮೆಟ್ಟಿಲಲ್ಲಿ ಒಬ್ಬ ಗಂಡಸು ಕಳ್ಳಬೆಕ್ಕಿನ ಹಾಗೆ ಇಳಿದು ಬಂದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕಂಕುಳಲ್ಲಿ ಟವೆಲು ಸುತ್ತಿದ ಏನೋ ಇತ್ತು. ಟವೆಲಿನ ಎರಡೂ ಪಕ್ಕ ಎರಡು ಹಿಡಿಗಳು ಕಿವಿಗಳಂತೆ ನಿಗುರಿದ್ದವು. ತಿರುವಿನಲ್ಲಿ ಟವೆಲು ಜಾರಿತು. ಕಪ್ಪು ಫಳಾರನೆ ಹೊಳೆಯಿತು. ಗಂಡಸು ಗಾಬರಿಯಿಂದ ಮುಖ ಮೇಲೆತ್ತಿದ. ಮೂಗಿನ ಮೇಲಿನ ಕನ್ನಡಕವೂ ಸ್ಪಷ್ಟವಾಗಿ ಕಂಡಿತು.

“ಅಯ್ಯೋ, ನಮ್ಮ ಕಪ್ಪಲ್ವೇನೇ ಅದು?” ಎಂದಳು ಹೆಡ್‌ಮಿಸ್.

“ಏನ್ರೀ ಇದು?” ಹೆಂಡತಿಯ ಸ್ವರ ಏರಲಿಲ್ಲ. ಅದೇ ಭಯ ಹುಟ್ಟಿಸುವಂತಿತ್ತು.

“ಬಿಸಾಕಿಲ್ಲ ಕಣೇ! ನನ್ನಾಣೆ ಬಿಸಾಕಿಲ್ಲ. ಕಾರ್ಖಾನೇಲಿ ಭದ್ರವಾಗಿದೆ. ಅಲ್ಲಿ ಸಣ್ಣ ವಾಷರ್ ಹಾಕಿಡೋಕೆ ಎರಡು ಹಿಡಿ ಇರೋ ಡಬ್ಬ ಇರಲಿಲ್ಲ. ಎರಡು ದಿನಕ್ಕೆ ಅಂತ ಒಯ್ದೆ. ಅಷ್ಟರಲ್ಲಿ ತಪಾಸಣೆ ಬಂದು ರಿಜಿಸ್ಟರಿಗೆ ಏರಿಬಿಡ್ತು. ಏಳನೇ ರ‍್ಯಾಕು. ರಿಜಿಸ್ಟರಿಗೆ ಏರಿದ ಮೇಲೆ ಮ್ಯಾನೇಜರ್ ಸಹಿ ಇಲ್ದೆ ಆಚೆ ತರೋ ಹಾಗಿಲ್ವಲ್ಲೇ, ಏನು ಮಾಡ್ಲಿ?”

“ಎರಡು ವರ್ಷದಿಂದ ನಾನು ಆ ಕೆಳಗಿನವಳನ್ನ ಕಳ್ಳಿ ಅಂತ ಬೈತಿದೀನಿ. ನೀವು ಪಕ್ಕದಲ್ಲೇ ಕೂತು ಕೆಮ್ತಿದ್ರಿ.”

ಸ್ಟೋರಪ್ಪ ಕೆಮ್ಮಿದ.

ಹೆಂಡತಿ ಒಳಗೆ ಹೋದಳು. ಬೀರು ತೆಗೆದು ಹಾಕಿದ ಸದ್ದು ಕೇಳಿಸಿತು. ಕೈಯಲ್ಲೊಂದು ಬ್ಯಾಗು ಹಿಡಿದು ಬಂದು, ಬಾಗಿಲ ಹಿಂದಿನ ಚೀಟಿ ಪುಸ್ತಕ ಎಳೆದುಕೊಂಡು ನಿಂತಲ್ಲೇ ಏನೋ ಗೀಚಿದಳು. ಅದನ್ನು ಗಂಡನ ಮುಂದೆ ಹಿಡಿದಳು. “ಸಹಿ ಹಾಕಿ.”

ಗೇಟ್‌ಪಾಸ್ ಕಂಡರೆ ಸ್ಟೋರಪ್ಪನ ಕೈ ತಲೆಯ ಮಾತು ಕೇಳುವುದಿಲ್ಲ. ಎಲ್ಲ ಖಾನೆ ತುಂಬಿದೆಯೇ? ತುಂಬಿದೆ. ಚೌಕಕ್ಕೆ ಗುರುತು ಬಿದ್ದಿದೆಯೇ? ಬಿದ್ದಿದೆ. ಪೆನ್ನು ತೆಗೆದು ಸಹಿ ಎಳೆದ. ಹೆಂಡತಿ ಮೇಲಿನ ಹಾಳೆ ಹರಿದು ಬ್ಲೌಸಿಗೆ ಸೇರಿಸಿ, ಕಾರ್ಬನ್ ಪ್ರತಿಯನ್ನು ಅವನ ಕೈಗಿಟ್ಟಳು.

“ನಡಿಯೇ, ನಮ್ಮನೇಲಿ ಎರಡು ಕೋಣೆ ಖಾಲಿ ಬಿದ್ದಿದೆ” ಎಂದು ಕಂಡಕ್ಟರ್ ಬ್ಯಾಗು ಇಸಿದುಕೊಂಡಳು. ನಾಲ್ವರೂ ಹೊರಗೆ ನಡೆದರು.

ಆಮೇಲೆ ಸ್ಟೋರಪ್ಪ ಕನ್ನಡಕ ಏರಿಸಿ ಓದಿದ.

ಹೊರಹೋಗುವ ವಸ್ತು: ಹೆಂಡತಿ. ಸಂಖ್ಯೆ: ಒಂದು. ಕಾರಣ: ಮೊದಲು ಬಂದದ್ದು ಮೊದಲು ಹೊರಗೆ. ಕೆಳಗೆ ‘ಹಿಂತಿರುಗದ ವಸ್ತು’ ಎಂಬ ಚೌಕದಲ್ಲಿ ದಪ್ಪನೆಯ ಗುರುತು. ಅದರ ಪಕ್ಕದಲ್ಲಿ ತನ್ನದೇ ಸಹಿ, ದಿನಾಂಕ ಸಮೇತ.

ಓಡಿ ಹೋಗಿ ತಡೆಯಬೇಕೆಂದು ಎದ್ದವನನ್ನು ತಮ್ಮ ಭುಜ ಹಿಡಿದು ನಿಲ್ಲಿಸಿ ಟಿವಿ ತೋರಿಸಿದ. ಈಗ ಮೆಟ್ಟಿಲಿನ ಕ್ಯಾಮೆರಾಗಳು ನೇರ ಅಲ್ಲಿಗೇ ಬರುತ್ತಿದ್ದವು. ಹೆಂಡತಿ ಕೆಳಗಿನ ಮನೆಯ ಬಾಗಿಲು ತಟ್ಟಿದಳು. ಮೇಷ್ಟ್ರ ಹೆಂಡತಿ ಬಾಗಿಲು ತೆಗೆದಳು. ಇಬ್ಬರೂ ಏನೋ ಮಾತಾಡಿದರು, ಸದ್ದು ಕೇಳಿಸಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಮೇಷ್ಟ್ರ ಹೆಂಡತಿ ಒಳಗೆ ಹೋಗಿ ಕಾರಿನ ಬೀಗದಕೈ ತಂದಳು. ಐದೂ ಜನ ಇಳಿದು ಪರದೆಯ ಅಂಚಿನಾಚೆ ಹೋದರು.

“ಚೆನ್ನಾಗಿ ಬಂದಿದೆ ರೆಕಾರ್ಡು” ಎಂದರು ಸೆಕ್ರೆಟರಿ.

ಸ್ಟೋರಪ್ಪ ಅಲ್ಲೇ ಕೂತು ಟಿವಿ ನೋಡಿದ. ಕೆಳಗಿನಿಂದ ಯಾರೂ ಹತ್ತಿ ಬರಲಿಲ್ಲ. ಖಾಲಿ ಮೆಟ್ಟಿಲನ್ನು ಪೆಟ್ಟಿಗೆ ಒಂದಿಷ್ಟೂ ಬಿಡದೆ ಜೋಪಾನವಾಗಿ ತುಂಬಿಕೊಳ್ಳುತ್ತಿತ್ತು.